ಸೋರಿಕೆಯ ಜಾಡು ಹಿಡಿಯುವ ರೊಸೌರಾ

ಮರಳುಗಾಡಿನಂಚಿನ ಕೌಸೆತೆ ಊರಿಗೆ ಇನ್ನೂ ಬಿಸಿಲು ಬಂದಿಲ್ಲ. ತಗಡಿನ ಶೆಡ್ಡಿನಲ್ಲಿ ರೊಸೌರಾ ಇಯಾನೆಸ್ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಕೆಳಗೆ ಅಂಗಾತ ಮಲಗಿದ್ದಾಳೆ. ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟಾಗಿದೆ. ತಣ್ಣಗಿದ್ದಾಗ ಲೋಹ ಕುಗ್ಗಿ, ಬಿಸಿಯಲ್ಲಿ ಮುಚ್ಚಿಕೊಳ್ಳುವ ಸಂದುಗಳು ಬಾಯಿ ಬಿಡುತ್ತವೆ. ಅದಕ್ಕೇ ಮೂವತ್ತೊಂದು ವರ್ಷದಿಂದ ಆಕೆಯ ಕೆಲಸ ನಸುಕಿನಲ್ಲೇ ಶುರು.

"ಸದ್ದು ಮಾಡ್ಬೇಡಿ ದೊನ್ ಫೆರ್ಮಿನ್. ಹನಿ ಬೀಳೋದು ಕೇಳಿಸ್ಬೇಕು."

"ನಾನೆಲ್ಲಿ ಮಾತಾಡ್ದೆ? ಕಷಾಯ ಹೀರ್ತಿದ್ದೆ."

"ಅದೂ ಸದ್ದೇ."

ಕಾರಿನ ಒಡೆಯ ಫೆರ್ಮಿನ್ ಓಲ್ಗಿನ್ ದ್ರಾಕ್ಷಿತೋಟದ ಮೇಸ್ತ್ರಿಯಾಗಿದ್ದವನು. ಬರುವ ಶನಿವಾರಕ್ಕೆ ಅವನ ಮದುವೆಯಾಗಿ ಐವತ್ತು ವರ್ಷ. ಹೆಂಡತಿ ದೆಲ್ಫಿನಾ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಮದುವೆಯ ಬಿಳಿ ಉಡುಪನ್ನು ಈ ಶನಿವಾರವೇ, ಅಂದು ದಿಬ್ಬಣ ಹೊರಟಿದ್ದ ಇದೇ ಕಾರಿನಲ್ಲಿ, ದಿಫುಂತಾ ಕೊರ್ರೆಯಾಳ ಗುಡಿಗೆ ಒಪ್ಪಿಸುವ ಹರಕೆ ಅವನದು. ಮರಳುಗಾಡಿನಲ್ಲಿ ಬಾಯಾರಿ ಸತ್ತ ಆ ತಾಯಿಗೆ ದಾರಿಹೋಕರೆಲ್ಲ ನೀರಿನ ಬಾಟಲಿ ಇಟ್ಟು ಕೈಮುಗಿಯುತ್ತಾರೆ. ಕಾರೋ, ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ಸುರಿಸುತ್ತಿದೆ. ಇಂಜಿನ್ ಇಳಿಸಬೇಕು, ತಿಂಗಳು ಹಿಡಿಯುತ್ತದೆ ಎಂದು ಇಬ್ಬರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ದಾರೆ. ಇಂದು ಬುಧವಾರ.

ರೊಸೌರಾ ನಿನ್ನೆಯೇ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ್ದಾಳೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಅಂದರೆ ಒಳಗೆ ನೀರು ಬೆರೆತಿಲ್ಲ. ಇಂಜಿನ್ ತೊಳೆದು, ಒಣಗಿಸಿ, ಮಕ್ಕಳ ಪೌಡರ್ ಉದುರಿಸಿ ಹತ್ತು ನಿಮಿಷ ಓಡಿಸಿದಾಗ ಕಪ್ಪು ಗೆರೆಯೊಂದು ಮೂಡಿತು. ಮೇಲಿನ ಮುಚ್ಚಳದ ಒಣಕಲು ಕಾರ್ಕ್ ಪಟ್ಟಿಯಿಂದ ಹೊರಟ ಎಣ್ಣೆ ಇಂಜಿನ್ನಿನ ಬೆನ್ನಿಗುಂಟ ಇಳಿದು ಬುಡದಲ್ಲಿ ತೊಟ್ಟಿಕ್ಕುತ್ತಿತ್ತು. "ಅವ್ರು ನೆಲ ನೋಡಿದ್ರು, ನಾನು ಮೇಲೆ ನೋಡ್ದೆ. ಅಷ್ಟೇ."

ಟ್ರಕ್ ಓಡಿಸುತ್ತಿದ್ದ ಗಂಡ ಮನೆಬಿಟ್ಟಾಗ ಉಳಿಸಿಹೋದದ್ದು ಸ್ಪಾನರ್ ಪೆಟ್ಟಿಗೆ ಒಂದನ್ನೇ. ಮೊದಮೊದಲು ಗಿರಾಕಿಗಳು ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರಂತೆ. "ಒಳಗಿದಾನೆ, ಕರೀತೀನಿ ಅಂತಿದ್ದೆ. ಒಳಗೋಗಿ ನಾನೇ ಬಂದು ನಿಲ್ತಿದ್ದೆ." ಈಗ ದಿನಕ್ಕೆ ಐದಾರು ಗಾಡಿ; ಊರವರ ಬಾಯಲ್ಲಿ ಆಕೆ ಗಾಡಿಗಳ 'ಡಾಕ್ಟ್ರಮ್ಮ'. ಕುದಿನೀರು ಎಡಗೈಯ ಎರಡು ಬೆರಳಿನ ಸ್ಪರ್ಶವನ್ನು ಕೊಂಡೊಯ್ದಿದೆ.

ಟಪ್. ಹನಿ ಬಿತ್ತು. ನೀರಿನ ಪಂಪಿನ ಅಡಿಯ ಪುಟ್ಟ ತೂತು, ಅದರ ಕೆಳಗೆ ಸುಣ್ಣದಂಥ ಬಿಳಿ ಗೆರೆ. ರೊಸೌರಾ ಉಗುರಿನಿಂದ ಕೆರೆಯುತ್ತಾಳೆ.

"ಯಾವ ನೀರು ಹಾಕಿದ್ರಿ?"

ಫೆರ್ಮಿನ್ ತಲೆ ತಗ್ಗಿಸುತ್ತಾನೆ. "ತಾಯಿ ಗುಡೀದು. ದಾರೀಲಿ ಕೆಟ್ಟು ನಿಂತೋರು ತಗೋಬಹುದಲ್ಲ? ಆಮೇಲೆ ಎರಡರಷ್ಟು ವಾಪಸ್ ಇಟ್ಟಿದೀನಿ."

"ಎಷ್ಟು ಸಲ ಕೆಟ್ಟು ನಿಂತ್ರಿ?"

"ಹೋದಾಗೆಲ್ಲ."

"ಜನ ಅಲ್ಲಿಡೋದು ಇಲ್ಲಿನ ಬಾವಿ ನೀರೇ. ಬರೀ ಸುಣ್ಣ. ಪಂಪಿನಲ್ಲಿ ನೀರು ತಡೆಯೋ ಸೀಲನ್ನ ತಿಂದ್ಹಾಕಿದೆ."

ಮುದುಕನ ದನಿ ಇಳಿಯುತ್ತದೆ. "ಆ ತಾಯಿಗೆ ನನ್ಮೇಲೆ ಕೋಪ ಅನ್ಕೊಂಡಿದ್ದೆ, ಡಾಕ್ಟ್ರಮ್ಮ."

"ಕೋಪ ಇದ್ದಿದ್ರೆ ಗುರುತು ಬಿಡ್ತಿದ್ಲಾ? ಈ ಬಿಳಿ ಗೆರೆ ನೋಡಿ ತಾನೇ ನಂಗೆ ಜಾಗ ಖಾತ್ರಿಯಾಗಿದ್ದು."

ಹೊಸ ಸೀಲು ಮೆಂದೋಸಾದಿಂದ ಬಸ್ಸಿನಲ್ಲಿ ಬರುತ್ತದೆ. ಕಾರ್ಕ್ ಪಟ್ಟಿಯನ್ನು ಆಕೆ ಕತ್ತರಿಯಲ್ಲಿ ತಾನೇ ಕತ್ತರಿಸುತ್ತಾಳೆ. ವಿನಿಗರ್ ಬೆರೆಸಿದ ನೀರಿನಿಂದ ರೇಡಿಯೇಟರನ್ನು ಏಳು ಸಲ ತೊಳೆಯುತ್ತಾಳೆ. ಶುಕ್ರವಾರ ಏರುದಾರಿಯಲ್ಲಿ ಓಡಿಸಿ ತಂದು, ರಾತ್ರಿ ಹನಿ ಬಿದ್ದರೆ ಕಾಣಲೆಂದು ಕಾರಿನ ಕೆಳಗೆ ರಟ್ಟು ಹಾಸುತ್ತಾಳೆ.

ಶನಿವಾರ ಬೆಳಿಗ್ಗೆ ರಟ್ಟು ಒಣಗಿಯೇ ಇದೆ. ಫೆರ್ಮಿನ್ ಉಡುಪನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ಸುಕ್ಕು ಸವರಿ, ಮುಂದಿನ ಬಾಗಿಲು ತೆರೆದು ಹಿಡಿಯುತ್ತಾನೆ.

"ಬನ್ನಿ, ಜಾಗ ಇದೆ. ದಾರೀಲಿ ಏನಾದ್ರೂ ಆದ್ರೆ?"

ರೊಸೌರಾ ಕೈ ಒರೆಸಿಕೊಂಡು ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾಳೆ.

"ನಾನು ಬಂದ್ರೆ ನನ್ನ ಕೆಲಸದ ಮೇಲೆ ನನಗೇ ಅನುಮಾನ ಅಂದಂಗಾಯ್ತು. ನೀವಿಬ್ರೇ ಹೋಗ್ಬನ್ನಿ."