ಮಾನ್ಸಮ್ಮನ ಗಂಡುಗತ್ತು

ಭಾಗ್ಯಮ್ಮನನ್ನು ಮೊದಲ ಸಲ ನೋಡಿದವರು, ಯಾವುದೋ ಅಪಾರ್ಟ್‌ಮೆಂಟಿಗೆ ಮನೆಗೆಲಸಕ್ಕೆ ಹೊರಟವಳೆಂದೇ ತಿಳಿಯುತ್ತಾರೆ. ತಲೆಗೆ ಸುತ್ತಿದ ಟವೆಲ್ಲು, ಸೀರೆಯ ಮೇಲೊಂದು ಗಂಡಸರ ಅಂಗಿ, ಕೈಯಲ್ಲಿ ಟಿಫನ್ ಡಬ್ಬಿ. ಆದರೆ ಬೆಳಗಿನ ಐದೂವರೆಗೆ ಕಾಡುಗೋಡಿ ಬಿಟ್ಟು ಅವಳು ನಡೆಯುವುದು ಕುದುರೆ ಲಾಯಕ್ಕೆ. ಕೆರೆಯಾಚೆಯ ರೈಡಿಂಗ್ ಸ್ಕೂಲಿನಲ್ಲಿ ಒಂಬತ್ತು ಕುದುರೆಗಳಿವೆ. ಅವುಗಳ ಹುಲ್ಲು, ಹುರುಳಿ, ಮೈತಿಕ್ಕುವುದು, ಮುನಿಸು, ಎಲ್ಲವೂ ಅವಳದೇ ಸುಪರ್ದಿ.

ಅವಳ ಅಪ್ಪ ಹನುಮಯ್ಯ ವೈಟ್‌ಫೀಲ್ಡ್ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದವನು. ಭಾಗ್ಯಮ್ಮ ನಡೆಯಲು ಕಲಿತದ್ದೇ ಕುದುರೆಯ ಮುಂಗಾಲು ಹಿಡಿದುಕೊಂಡು ಎಂದು ಅವಳ ತಾಯಿ ಹೇಳುತ್ತಿದ್ದಳು. ಆಟೋಗಳು ಹೆಚ್ಚಿ ಜಟಕಾ ಮೂಲೆ ಸೇರಿತು, ಕುದುರೆಯನ್ನು ಯಾರೋ ಕೊಂಡುಕೊಂಡು ಹೋದರು. ಭಾಗ್ಯಮ್ಮ ಮದುವೆಯಾಗಿ, ಗಾರ್ಮೆಂಟ್ಸ್ ಸೇರಿ, ಹತ್ತೊಂಬತ್ತು ವರ್ಷ ಅಂಗಿಗಳಿಗೆ ಕಾಲರ್ ಹೊಲಿದಳು. ಆ ಫ್ಯಾಕ್ಟರಿ ಊರು ಬದಲಿಸಿದಾಗ ಅವಳಿಗೆ ನಲವತ್ತಾರು. ಆಗ ಒಂದು ದಿನ ಈ ಲಾಯದ ಗೇಟಿಗೆ ಬಂದು ನಿಂತಳು.

ಕಂಪನಿ ಕೆಲಸ ಬಿಟ್ಟು ಸ್ಕೂಲು ಶುರುಮಾಡಿದ್ದ ಮಾಲೀಕ ಶ್ರೀಕಾಂತ್ ಒಳಗಿಂದಲೇ ಹೇಳಿದ್ದ, "ಅಡುಗೆ ಕೆಲಸ ಇಲ್ಲಮ್ಮ ಇಲ್ಲಿ."

"ಅಡುಗೆಗೆ ಬಂದಿಲ್ಲ ಸಾರ್. ಆ ಕಪ್ಪು ಕುದುರೆ ಮುಂಗಾಲು ಎತ್ತೆತ್ತಿ ಇಡ್ತೈತೆ. ಗೊರಸಲ್ಲಿ ಕಲ್ಲು ಸಿಕ್ಕೊಂಡೈತೆ, ನೋಡಿ ಒಂದ್ಸಲ."

ಕಲ್ಲು ಸಿಕ್ಕಿಕೊಂಡಿತ್ತು. ಕೆಲಸ ಅವತ್ತೇ ಸಿಕ್ಕಿತು.

ಏಳು ವರ್ಷಗಳಲ್ಲಿ ಅವಳ ಮಾತಿಗೆ ಬಗ್ಗದ ಕುದುರೆ ಬರಲಿಲ್ಲ. ಎಂಟನೆಯ ವರ್ಷದ ನವೆಂಬರ್ ಕೊನೆಯಲ್ಲಿ ಮಿಸ್ ಮಾನ್ಸೂನ್ ಬಂದಳು. ರೇಸಿನಿಂದ ನಿವೃತ್ತಿಯಾಗಿ ದೂರದ ಒಂದು ತೋಟದಲ್ಲಿ ಮೇಯ್ದುಕೊಂಡಿದ್ದ ಕೆಂಗಂದು ಬಣ್ಣದ ಹೆಣ್ಣು ಕುದುರೆ. ಆ ಹೆಸರು ಭಾಗ್ಯಮ್ಮನ ಬಾಯಲ್ಲಿ ನಿಲ್ಲದೆ ಎರಡೇ ದಿನಕ್ಕೆ ಮಾನ್ಸಮ್ಮ ಆಯಿತು. ಹಸುವಿನಂಥ ಸ್ವಭಾವ. ಮೊದಲ ಪಾಠದ ಮಕ್ಕಳನ್ನೆಲ್ಲ ಅವಳ ಬೆನ್ನಿಗೇ ಹತ್ತಿಸುತ್ತಿದ್ದರು.

ಮಾರ್ಚ್ ಬರುತ್ತಿದ್ದಂತೆ ಆ ಹಸು ಎಲ್ಲಿಗೋ ಹೋಯಿತು. ಪಕ್ಕದ ಕುದುರೆ ಮೂತಿ ಚಾಚಿದರೆ ಸಾಕು, ಮಾನ್ಸಮ್ಮ ಕಿವಿ ಹಿಂದಕ್ಕೆ ಮಲಗಿಸಿ ಚೀರುತ್ತಿದ್ದಳು. ಬೇರೆ ಕುದುರೆಗಳ ಲದ್ದಿ ಮೂಸಿ, ಮೇಲ್ತುಟಿ ಮಡಚಿ, ಆಕಾಶ ನೋಡುತ್ತ ನಿಲ್ಲುತ್ತಿದ್ದಳು. ಕತ್ತನ್ನು ಬಿಲ್ಲಿನಂತೆ ಬಗ್ಗಿಸಿ ಗಂಡು ಕುದುರೆಯ ದನಿಯಲ್ಲಿ ಕೆನೆಯುತ್ತಿದ್ದಳು. ಒಂದು ಬೆಳಿಗ್ಗೆ ಬಯಲಿನಲ್ಲಿ ಇನ್ನೊಂದು ಹೆಣ್ಣು ಕುದುರೆಯ ಬೆನ್ನಿಗೆ ಹಾರಿಯೇಬಿಟ್ಟಳು. ಬೇಲಿಯಾಚೆ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದ ಮಕ್ಕಳು ಹೋ ಎಂದು ಕೂಗಿದರು. ಅವರ ತಾಯಂದಿರಿಗೆ ನಗು ಬರಲಿಲ್ಲ.

ಏಪ್ರಿಲಿನಲ್ಲಿ, ಜೀನಿನ ಹೊಟ್ಟೆಪಟ್ಟಿ ಬಿಗಿಯುತ್ತಿದ್ದಾಗ, ಮಾನ್ಸಮ್ಮ ಭಾಗ್ಯಮ್ಮನ ಭುಜವನ್ನೇ ಕಚ್ಚಿದಳು. ಅಂಗಿ ಹರಿದು ಹಲ್ಲಿನ ಗುರುತು ನೀಲಿಗಟ್ಟಿತು.

ಶ್ರೀಕಾಂತ್ ಮೆಲ್ಲಗೇ ಹೇಳಿದ. "ಭಾಗ್ಯಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಗೂ ವಯಸ್ಸಾಯ್ತು. ಕೈ ಮೊದಲಿನ ಹಾಗಿಲ್ವೇನೋ."

ಕಚ್ಚಿದ ನೋವಿಗಿಂತ ಅದು ಹೆಚ್ಚು ನೋಯಿಸಿತು. ಅವಳ ಮನಸ್ಸಿನಲ್ಲೂ ಅದೇ ಹುಳು ಕೊರೆಯುತ್ತಿತ್ತು. ಕುದುರೆಯ ಹತ್ತಿರ ಹೋಗುವಾಗ ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಎದೆ ಡವಡವ ಎನ್ನುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊಟ ಸೇರದಾಯಿತು.

ಪಶುವೈದ್ಯೆ ಕಾವ್ಯಾ ಬಂದಳು. ದಾವಣಗೆರೆಯ ಕಡೆಯವಳು, ವೈಟ್‌ಫೀಲ್ಡಿನಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಲಾಯಗಳನ್ನೆಲ್ಲ ನೋಡುತ್ತಿದ್ದಳು. ಹಿಂದಿನಿಂದ ಕೈಹಾಕಿ ಪರೀಕ್ಷಿಸಲು ಹೋದಾಗ ಮಾನ್ಸಮ್ಮ ಒದ್ದ ಒದೆಗೆ ಹಲಗೆ ಸೀಳಿತು. ಅವತ್ತು ಕಾವ್ಯಾ ರಕ್ತ ಮಾತ್ರ ತೆಗೆದುಕೊಂಡು ಹೋದಳು. ಐದು ದಿನಕ್ಕೆ ವರದಿ ಬಂತು. ಗಂಡು ಹಾರ್ಮೋನು, ಹೆಣ್ಣು ಕುದುರೆಯಲ್ಲಿ ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚು.

"ಅಂಡಾಶಯದಲ್ಲಿ ಗೆಡ್ಡೆ ಇರಬಹುದು," ಎಂದಳು ಕಾವ್ಯಾ. "ಕೆಲವು ಗೆಡ್ಡೆಗಳು ಈ ಹಾರ್ಮೋನು ಸುರಿಸ್ತಾವೆ. ಆಪರೇಷನ್ ಮಾಡಿ ತೆಗೀಬೇಕಾಗ್ತದೆ."

ಆಪರೇಷನ್ನಿನ ಖರ್ಚು ಕೇಳಿ ಶ್ರೀಕಾಂತ್ ತಲೆಯ ಮೇಲೆ ಕೈಹೊತ್ತ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಬಿಡುವವನೊಬ್ಬ ಅವಳನ್ನು ಹೇಗಿದ್ದಾಳೋ ಹಾಗೇ ಕೊಳ್ಳಲು ಒಪ್ಪಿದ್ದ. ಶನಿವಾರ ಬರುತ್ತೇನೆಂದಿದ್ದ. ಪಟಾಕಿ, ಬ್ಯಾಂಡು, ಟ್ರಾಫಿಕ್ಕಿನ ನಡುವೆ ಮಾನ್ಸಮ್ಮನನ್ನು ನೆನೆಯಲೂ ಭಾಗ್ಯಮ್ಮನಿಗೆ ಆಗಲಿಲ್ಲ.

ಗುರುವಾರ ಮಧ್ಯಾಹ್ನ ಮಾನ್ಸಮ್ಮನ ಎದುರು ಸುಮ್ಮನೆ ಕೂತಿದ್ದಳು. ಕುದುರೆ ಹುಲ್ಲು ಎಳೆಯುತ್ತಿತ್ತು, ತಲೆ ಎತ್ತದೆ, ಒಂದೇ ಸಮನೆ. ರೋಗದ ಕುದುರೆ ಹೀಗೆ ತಿನ್ನುತ್ತದೆಯೇ? ಅಪ್ಪನ ಕುದುರೆ ಚೆನ್ನಿಯೂ ಒಂದು ಬೇಸಿಗೆಯಲ್ಲಿ ಹೀಗೇ ರಂಪ ಮಾಡಿತ್ತು. ಸ್ಟೇಷನ್ನಿನ ಬೇರೆ ಜಟಕಾ ಕುದುರೆಗಳನ್ನೆಲ್ಲ ಕಚ್ಚಲು ಹೋಗುತ್ತಿತ್ತು. ಅಪ್ಪ ಹೊಡೆದಿರಲಿಲ್ಲ. ಗಾಡಿ ಕಟ್ಟುವುದನ್ನೇ ಕಡಿಮೆ ಮಾಡಿದ್ದ.

ಅವಳು ಎದ್ದು ಕಾವ್ಯಾಗೆ ಫೋನ್ ಮಾಡಿದಳು.

"ಮೇಡಮ್ನೋರೆ, ತಪ್ಪಾದ್ರೆ ಬೈಬೇಡಿ. ನಮ್ಮಪ್ಪನ ಕುದ್ರೆ ಗಬ್ಬ ಆಗಿದ್ದಾಗ ಇಂಗೇ ಗಂಡಿನಂಗೆ ಆಡ್ತಿತ್ತು. ಒಟ್ಟೇಲಿ ಗಂಡುಮರಿ ಇದ್ರೆ ತಾಯಿಗೆ ಗಂಡುಗತ್ತು ಬತ್ತೈತೆ ಅಂತಿದ್ರು ಜಟಕಾದೋರು. ಇದುಕ್ಕೂ ಅಂಗೇನಾದ್ರೂ..."

ಆ ಕಡೆ ಕಾವ್ಯಾ ಕಾಗದಗಳನ್ನು ತಿರುವಿದ ಸದ್ದು ಕೇಳಿತು.

"ಕೊಳ್ಳುವಾಗ ಸ್ಕ್ಯಾನ್ ಮಾಡಿಸಿದ್ರಲ್ಲ ಭಾಗ್ಯಮ್ಮ, ಗಬ್ಬ ಇಲ್ಲ ಅಂತ ಬರೆದಿತ್ತು."

"ಆ ತೋಟದಲ್ಲಿ ಬೇರೆ ಕುದ್ರೆ ಇದ್ವಾ, ಕೇಳಿ ಮೇಡಮ್ನೋರೆ."

ಶ್ರೀಕಾಂತ್ ತೋಟದವನಿಗೆ ಫೋನ್ ಮಾಡಿದ. ಅವನು ಮೊದಲು ಇಲ್ಲವೆಂದ, ಆಮೇಲೆ ತಡವರಿಸಿದ. ಎರಡು ವರ್ಷದ ಗಂಡು ಮರಿಯೊಂದಿತ್ತು ಸಾರ್, ಅದಕ್ಕಿನ್ನೂ ಏನು ತಿಳಿಯುತ್ತೆ ಅಂದುಕೊಂಡಿದ್ವಿ, ಕುದುರೆ ಕಳಿಸೋ ಹಿಂದಿನ ವಾರ ಬೇಲಿ ಹಾರಿ ಬಂದಿತ್ತು ಎಂದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಾವ್ಯಾ ಸ್ಕ್ಯಾನ್ ಯಂತ್ರ ಹಿಡಿದು ಬಂದಳು. ಮಂಪರು ಬರುವಷ್ಟು ಇಂಜೆಕ್ಷನ್ ಕೊಟ್ಟು, "ತಲೆ ಹತ್ರ ನೀವೇ ನಿಲ್ರೀ," ಎಂದಳು. ಭಾಗ್ಯಮ್ಮ ಹಣೆಗೆ ಹಣೆ ತಾಗಿಸಿ ನಿಂತಳು. ಮಾನ್ಸಮ್ಮ ಕಾಲೆತ್ತಲಿಲ್ಲ.

ಕಾವ್ಯಾ ತುಂಬ ಹೊತ್ತು ಪರದೆ ನೋಡಿದಳು. ಆಮೇಲೆ ಅದನ್ನು ಇತ್ತ ತಿರುಗಿಸಿದಳು. ಬೂದು ನೀರಿನ ನಡುವೆ ಪಕ್ಕೆಲುಬಿನ ಸಾಲು, ಅದರೊಳಗೆ ಮಿಡುಕುವ ಒಂದು ಚುಕ್ಕೆ.

"ಗೆಡ್ಡೆ ಅಲ್ಲ. ಮರಿ. ಸುಮಾರು ಐದು ತಿಂಗಳು," ಎಂದಳು. "ಆ ಸ್ಕ್ಯಾನೂ ಸುಳ್ಳಲ್ಲ. ಕೂಡಿ ವಾರಕ್ಕೇ ನೋಡಿದ್ರೆ ಯಾರಿಗೂ ಕಾಣಲ್ಲ. ಆದ್ರೆ ಆ ಹಾಳೆ ನಂಬಿ ನಾನು ಇದನ್ನ ಕೇಳಲೇ ಇಲ್ಲ ನೋಡಿ."

"ಮತ್ತೆ ಆ ಗಂಡು ಹಾರ್ಮೋನು?" ಶ್ರೀಕಾಂತನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಕಾವ್ಯಾ ಕೈಗವಸು ಕಳಚುತ್ತ ಬಿಡಿಸಿ ಹೇಳಿದಳು. ಕುದುರೆಯ ಗಬ್ಬವೇ ವಿಚಿತ್ರ. ಗಬ್ಬ ನಿಲ್ಲಿಸುವ ಹಾರ್ಮೋನನ್ನು ಮೊದಲ ತಿಂಗಳುಗಳಲ್ಲಿ ತಾಯಿಯ ಅಂಡಾಶಯ ಕೊಡುತ್ತದೆ, ನಾಲ್ಕು ತಿಂಗಳ ಹೊತ್ತಿಗೆ ಆ ಕೆಲಸ ಮರಿಯನ್ನು ಸುತ್ತಿದ ಮಾಸಿಗೆ ಬರುತ್ತದೆ. ಅದೇ ಸುಮಾರಿಗೆ ಹೊಟ್ಟೆಯೊಳಗಿನ ಮರಿಯ ಜನನಗ್ರಂಥಿಗಳು ಊದಿಕೊಂಡು, ತಾಯಿಯ ಅಂಡಾಶಯಕ್ಕಿಂತ ದೊಡ್ಡದಾಗಿ ಬೆಳೆದು, ತಾವೂ ಹಾರ್ಮೋನಿನ ಸರಕು ತಯಾರಿಸುತ್ತವೆ. ಆಗ ತಾಯಿಯ ರಕ್ತದಲ್ಲಿ ಗಂಡು ಹಾರ್ಮೋನು ಏರುತ್ತದೆ. ಕೆಲವು ಕುದುರೆಗಳಿಗೆ ಅದು ತಲೆಗೇರಿ ಗಂಡಿನಂತೆ ಆಡುತ್ತವೆ. ಏಳೆಂಟು ತಿಂಗಳು ತುಂಬುವ ಹೊತ್ತಿಗೆ ತಾನಾಗಿ ಇಳಿಯುತ್ತದೆ.

"ಆದ್ರೆ ಭಾಗ್ಯಮ್ಮ, ಗಂಡುಮರಿನೇ ಆಗ್ಬೇಕಂತಿಲ್ಲ. ಹೆಣ್ಣುಮರಿ ಇದ್ರೂ ಹಿಂಗೇ ಆಗ್ತದೆ. ನಿಮ್ಮ ಜಟಕಾದವ್ರು ಅರ್ಧ ಸರಿ."

"ಅರ್ಧ ಸಾಕು ಮೇಡಮ್ನೋರೆ," ಎಂದಳು ಭಾಗ್ಯಮ್ಮ. ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡಳು. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಸರಿದ ಹಾಗಾಗಿತ್ತು. ಕುದುರೆಗೆ ರೋಗವಿಲ್ಲ. ತನ್ನ ಕೈಯೂ ಕೆಟ್ಟಿಲ್ಲ.

ಶ್ರೀಕಾಂತ್ ಅಲ್ಲೇ ನಿಂತು ಮೆರವಣಿಗೆಯವನಿಗೆ ಬರಬೇಡವೆಂದು ಹೇಳಿದ. ಫೋನ್ ಜೇಬಿಗಿಟ್ಟು, ನೆಲ ನೋಡುತ್ತ, "ಅವತ್ತು ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡಿ," ಎಂದ.

"ಇಟ್ಕೊಂಡಿದ್ದೆ ಸಾರ್. ಈಗ ಬಿಟ್ಟೆ."

ಮಾನ್ಸಮ್ಮನಿಗೆ ಪಾಠದಿಂದ ಬಿಡುವು ಸಿಕ್ಕಿತು. ಉಳಿದವುಗಳಿಂದ ದೂರ, ಹೊಂಗೆ ಮರದ ಕೆಳಗೆ ಬೇರೆ ಕೊಟ್ಟಿಗೆ ಆಯಿತು. ಜೂನ್ ತನಕ ಅವಳ ದರ್ಬಾರು ನಡೆದೇ ಇತ್ತು. ಇನ್ನೆರಡು ಸಲ ಕಚ್ಚಲು ಬಂದಳು. ಭಾಗ್ಯಮ್ಮ ಬದಿಗೆ ಸರಿದು, "ಆಗ್ಲಿ ತಾಯಿ, ಇದೂ ಕಳೀತೈತೆ," ಎನ್ನುತ್ತಿದ್ದಳು. ಜುಲೈ ಮುಗಿಯುವ ವೇಳೆಗೆ ಕೆನೆತದ ಒರಟು ಹೋಯಿತು. ಆಗಸ್ಟಿನಲ್ಲಿ ಮಾನ್ಸಮ್ಮ ತಾನಾಗಿಯೇ ಬಂದು ಅವಳ ತೋಳಿಗೆ ಗಲ್ಲ ಉಜ್ಜಿದಳು.

ಅಕ್ಟೋಬರ್ ಕೊನೆಯ ವಾರ ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಂಡಿತು, ಹೆರಿಗೆ ಹತ್ತಿರವಾದ ಗುರುತು. ಮರುದಿನ ಭಾಗ್ಯಮ್ಮ ಎಂದಿನಂತೆ ಬೆಳಕು ಹರಿಯುವ ಹೊತ್ತಿಗೆ ಬಂದಾಗ, ಮರಿ ಆಗಲೇ ನೆಲ ಕಂಡಿತ್ತು. ಒದ್ದೆ ಮೈ, ಬಿದಿರ ಕಡ್ಡಿಯಂಥ ಉದ್ದ ಕಾಲು. ಎರಡು ಸಲ ಬಿದ್ದು, ಮೂರನೆಯ ಸಲ ನಿಂತು, ತಾಯಿಯ ಮುಂಗಾಲ ನಡುವೆ ಮೊಲೆ ಹುಡುಕುತ್ತಿತ್ತು.

"ಅಲ್ಲಲ್ಲ ಕಂದಾ, ಇಂದ್ಕಡೆ," ಎಂದು ಭಾಗ್ಯಮ್ಮ ಸೊಂಟ ಹಿಡಿದು ತಿರುಗಿಸಿದಳು. ಮಾನ್ಸಮ್ಮ ಕಿವಿ ಅಲುಗಿಸಿದಳೇ ಹೊರತು ಬೇಡವೆನ್ನಲಿಲ್ಲ. ಚಪ್ಪರಿಸುವ ಸದ್ದು ಕೇಳಿದ ಮೇಲೆ ಭಾಗ್ಯಮ್ಮ ಕೈ ತೊಳೆದು, ಡಬ್ಬಿ ಬಿಚ್ಚಿ, ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು, ನಾಲ್ಕೂ ಇಡ್ಲಿ ತಿಂದಳು.