ಜೆರೇನಿಯಂ ಕುಂಡದ ತೂತು

ಬಳ್ಳಾರಿಯ ಬೇಸಿಗೆಯಲ್ಲಿ ಜೆರೇನಿಯಂ ಬೆಳೆಸುತ್ತೇನೆಂದರೆ ನಗುವವರೇ ಹೆಚ್ಚು. ಕುರುಗೋಡಿನ ಗೆಳತಿ ಗಿಡ ಕೊಡುವಾಗಲೇ ಹೇಳಿದ್ದಳು: ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು, ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು, ಬಾಡಿದ ಗೊಂಚಲನ್ನು ತೊಟ್ಟಿನ ಸಮೇತ ಮುರಿದರೆ ಹೊಸ ಮೊಗ್ಗು. ನಾನು ವ್ರತದಂತೆ ಪಾಲಿಸಿದೆ. ಯುಗಾದಿ ಕಳೆದರೂ ಗಿಡದ ತುಂಬ ಕೆಂಪು ಗೊಂಚಲು. ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಆಗ ಸಿರುಗುಪ್ಪದ ಕಡೆಯ ದೇಶನೂರಿನಿಂದ ನನ್ನ ಗಂಡನ ಅಪ್ಪ, ನಮ್ಮ ಮಾವ, ಬಂದರು. ಕಣ್ಣಿನ ಪೊರೆ ತೆಗೆಸಬೇಕಿತ್ತು. ಸಕ್ಕರೆ ಇಳಿಯಲಿ ಎಂದು ಡಾಕ್ಟರು ಒಂದು ತಿಂಗಳು ಮುಂದೂಡಿದರು. ಜೀವಮಾನವೆಲ್ಲ ಭತ್ತದ ಗದ್ದೆಯಲ್ಲಿ ಕಳೆದ ಮನುಷ್ಯ. ಸುಮ್ಮನೆ ಕೂರುವುದೇ ಅವರಿಗೆ ಶಿಕ್ಷೆ. ದಿನಾ ಮಾಳಿಗೆ ಹತ್ತಿ, ಸ್ಟ್ಯಾಂಡಿನ ಮೇಲಿದ್ದ ಗಿಡವನ್ನು ಬಗ್ಗಿ ನೋಡುತ್ತಿದ್ದರು.

"ಹೂವು ಅದಾವು ಅಂತ ಗೊತ್ತಾಗ್ತೈತಿ ಯವ್ವಾ, ಬಣ್ಣ ತಿಳಿಯವಲ್ದು."

"ಕೆಂಪದಾವ್ರಿ ಮಾವ."

"ನನಗ ಕಣ್ಣು ಬರೂತನ ಇರ್ತಾವೇನು?"

"ಇರ್ತಾವ್ರಿ, ನಾ ಅದೀನಲ್ಲ!" ಎಂದು ಮಾತು ಕೊಟ್ಟುಬಿಟ್ಟೆ.

ಹತ್ತು ದಿನಕ್ಕೆ ಎಲೆಗಳು ಹಳದಿಯಾದವು. ಒಂದು ಮೊಗ್ಗಿನ ಗೊಂಚಲು ಬಿಟ್ಟು ಹೂವು, ಮೊಗ್ಗು ಎಲ್ಲ ಉದುರಿದವು. ಎಂಥ ಗಿಡ ಕೊಟ್ಟೆ ಎಂದು ಗೆಳತಿಯನ್ನು ಫೋನಿನಲ್ಲಿ ಬೈದೆ. ಕೊನೆಗೆ ಕುಂಡವನ್ನು ಎತ್ತಿ ನೋಡಿದರೆ ತಳದ ತೂತಿಗೆ ಜೇಡಿಮಣ್ಣು ಮೆತ್ತಿದೆ! ಮೇಲೆ ಹೆಬ್ಬೆರಳಿನ ಅಚ್ಚು ಬೇರೆ.

ಮಾವ ಮುಚ್ಚುಮರೆ ಮಾಡಲಿಲ್ಲ. "ದಿನಾ ಕುಂಡ ಸೋರಿ ಕಾಲಿಗೆ ನೀರು ಹತ್ತತಿತ್ತು. ಬದು ಒಡದ್ರ ಮುಚ್ಚಬೇಕಲ್ಲ? ನಾನ ಮುಚ್ಚೀನಿ."

"ಇದೇನು ನಿಮ್ಮ ಭತ್ತದ ಗದ್ದಿ ಏನ್ರಿ? ಬೇರು ಕೊಳತು ಗಿಡ ಸಾಯಾಕ ಹತ್ತೈತಿ!"

ಅವರು ಮೆಟ್ಟಿಲು ಇಳಿದುಹೋದರು. ಮರುದಿನ ಮೇಲೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾವು ನೋಡುವವರೆಗೆ ಹೂವು ಇರಲಿ ಎಂದೇ ಅವರು ತೂತು ಮುಚ್ಚಿದ್ದು ಎಂದು ಹೊಳೆದಾಗ ನನಗೆ ನಾಚಿಕೆಯಾಯಿತು.

ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ಗಿಡ ಕೂರಿಸಿದೆ. ಕೆಳಗೆ ಹೋಗಿ, "ಮಾವ, ಮಣ್ಣು ಒಣಗೈತೋ ಇಲ್ಲೋ ನನಗ ತಿಳಿಯವಲ್ದು. ಬಂದು ಬೆರಳಿಟ್ಟು ನೋಡ್ರಿ," ಎಂದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು. ಆದರೂ ಬಂದರು. ಅಂದಿನಿಂದ ನೀರಿನ ಯಜಮಾನಿಕೆ ಅವರದೇ. ಬೆರಳಿನ ಒಂದು ಗೆಣ್ಣು ಮಣ್ಣಿಗಿಳಿಸಿ, "ಇವತ್ತು ಬ್ಯಾಡ" ಅಥವಾ "ಅರ್ಧ ಚೊಂಬು" ಎಂದು ತೀರ್ಪು ಕೊಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಅವರನ್ನು ಮಾಳಿಗೆಗೆ ಕರೆದೊಯ್ದೆ. ಗಿಡದಲ್ಲಿ ಒಂದೇ ಗೊಂಚಲು, ಅದೂ ಅರ್ಧ ಅರಳಿದ್ದು. ಮಾವ ಕಪ್ಪು ಕನ್ನಡಕ ತುಸು ಎತ್ತಿ ಬಹಳ ಹೊತ್ತು ನೋಡಿದರು.

"ಕೆಂಪೈತಿ," ಎಂದರು.

ಅವರು ಮಣ್ಣಿಗೆ ಬೆರಳಿಟ್ಟು ನೋಡಿ, ಅರ್ಧ ಚೊಂಬು ನೀರು ಹಾಕಿ, ಕುಂಡದ ಕೆಳಗೆ ಅಂಗೈ ಹಿಡಿದು ಕಾದರು. ಹನಿ ಬಿತ್ತು.

"ಸೋರಾಕ ಹತ್ತೈತಿ ನೋಡವ್ವಾ," ಎಂದು ಒದ್ದೆ ಅಂಗೈ ನನಗೆ ತೋರಿಸಿ ನಕ್ಕರು. "ಚಲೋ ಆತು."