ಸುಗುಣಕ್ಕನ ಹೊಳೆ, ಸಂಘದ ಅಂಕಪಟ್ಟಿ

ತಲ್ಲೂರಿನ ಸುಗುಣಕ್ಕ ಮೂವತ್ತು ವರ್ಷ ಹೊಳೆಯಲ್ಲಿ ತಿನ್ನುವ ಚಿಪ್ಪು ಹೆಕ್ಕಿ ಮಾರಿದವಳು. ಓದಿದ್ದು ಮೂರನೇ ಕ್ಲಾಸು. ಎಷ್ಟು ಮಕ್ಕಳಿಗೆ ಈಜು ಕಲಿಸಿದಳು ಎಂಬ ಲೆಕ್ಕ ಅವಳಲ್ಲೂ ಇಲ್ಲ, ಸರ್ಕಾರದಲ್ಲಂತೂ ಇಲ್ಲವೇ ಇಲ್ಲ.

ಕಲಿಸಲು ಶುರು ಮಾಡಿದ್ದು ೧೯೯೭ರಲ್ಲಿ. ಆ ವರ್ಷ ಮಳೆಗಾಲದಲ್ಲಿ ಶಾಲೆ ಮಕ್ಕಳನ್ನು ದಾಟಿಸುತ್ತಿದ್ದ ದೋಣಿ ಕಡವಿನಲ್ಲೇ ಮಗುಚಿತು. ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಮಕ್ಕಳನ್ನು ಜುಟ್ಟು ಹಿಡಿದು ಎಳೆದು ದಡಕ್ಕೆ ಹಾಕಿದರು. ಯಾರೂ ಸಾಯಲಿಲ್ಲ. ಯಾರೂ ಸಾಯದ ಕಾರಣ ಯಾವ ಮಂತ್ರಿಯೂ ಬರಲಿಲ್ಲ. ಎಂಟು ತಿಂಗಳ ಮೇಲೆ ಒಂದು ಬೋರ್ಡು ಬಂತು: 'ಆಳವಿದೆ, ಎಚ್ಚರಿಕೆ'. ಹೊಳೆಗೆ ಆಳವಿರುತ್ತದೆ ಎಂಬುದನ್ನು ಪತ್ತೆಹಚ್ಚಲು ಇಲಾಖೆಗೆ ಅಷ್ಟು ಸಮಯ ಬೇಕಾಯಿತು. ಅಷ್ಟರೊಳಗೆ ಸುಗುಣಕ್ಕ ಹನ್ನೆರಡು ಮಕ್ಕಳನ್ನು ನೀರಿಗೆ ಇಳಿಸಿ ಮೇಲೆತ್ತಿಯಾಗಿತ್ತು.

ಅವಳ ಕಲಿಸುವ ಕ್ರಮಕ್ಕೆ ಪುಸ್ತಕವಿಲ್ಲ, ಕಾರಣವಿದೆ. ಚಿಪ್ಪು ಸಿಗುವ ಮರಳ ದಿಬ್ಬ ಇರುವುದು ಅವಳ ಮನೆಗಿಂತ ಮೇಲೆ, ಹೊಳೆ ಬರುವ ದಿಕ್ಕಿಗೆ. ನೀರು ಪೂರಾ ಇಳಿದಾಗ ಮಾತ್ರ ದಿಬ್ಬ ತಲೆ ಎತ್ತುತ್ತದೆ. ಆದ್ದರಿಂದ ನೀರು ಸಮುದ್ರದ ಕಡೆ ಓಡುತ್ತಿರುವ ಇಳಿತದ ಹೊತ್ತಿನಲ್ಲೇ ಹೊರಟು ಮೇಲಕ್ಕೆ ಹೋಗಬೇಕು. ಹೆಕ್ಕಿ ಮುಗಿಸುವಾಗ ಭರತ ಬಂದಿರುತ್ತದೆ, ಸಮುದ್ರ ತಿರುಗಿ ಹೊಳೆಯೊಳಗೆ ಏರುತ್ತಿರುತ್ತದೆ. ಆಗ ಕೆಳಕ್ಕೆ, ಮನೆಗೆ ಬರಬೇಕು. ಅಂದರೆ ಹೋಗುವಾಗ ಇಳಿತಕ್ಕೆ ಎದುರು, ಬರುವಾಗ ಭರತಕ್ಕೆ ಎದುರು. ಬೇರೆಯವರು ನೀರಿನ ಬೆನ್ನೇರಿ ಓಡಾಡುವ ಹೊಳೆಯಲ್ಲಿ ಇವಳಿಗೆ ಎರಡೂ ಹೊತ್ತು ನೀರಿನ ಮುಖವೇ ಗತಿ. ರಜೆಯ ದಿನ ಮಕ್ಕಳು ಅವಳ ದೋಣಿಯ ಪಕ್ಕದಲ್ಲಿ ಈಜುತ್ತಾ ಹೋಗುತ್ತಿದ್ದರು. ಸುಸ್ತಾದವರು ದೋಣಿಯ ಅಂಚು ಹಿಡಿಯಬಹುದು, ಆದರೆ ಹಿಡಿದವರು ಆ ದಿನ ಚಿಪ್ಪಿನ ಬುಟ್ಟಿ ಹೊರಬೇಕು. ಅಷ್ಟೇ ಸಿಲೆಬಸ್ಸು.

ಹುಟ್ಟು ಹಾಕುವವನು ಗಂಡ ದೇವು. ಮಾತು ಅವನಿಗೆ ಚುನಾವಣೆಯ ಹಾಗೆ, ಐದು ವರ್ಷಕ್ಕೊಮ್ಮೆ.

ಈ ಮಕ್ಕಳಲ್ಲಿ ಪ್ರೇಕ್ಷಾ ಎಂಬ ಹುಡುಗಿ ಒಮ್ಮೆಯೂ ಬುಟ್ಟಿ ಹೊರಲಿಲ್ಲ. ಪಕ್ಕದ ಮನೆಯವಳು. ತಾಯಿ ವನಜ ಹೆಮ್ಮಾಡಿಯ ಕಡೆ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುತ್ತಿದ್ದಳು. ೨೦೦೯ರಲ್ಲಿ ಪ್ರೇಕ್ಷಾ ಹತ್ತನೇ ಕ್ಲಾಸು. ಆ ವರ್ಷ ಮುಗಿದರೆ ತಾಯಿಯ ಪಕ್ಕದ ಮಣೆ ಖಾಲಿ ಇದೆಯೆಂದು ಮೇಸ್ತ್ರಿ ಆಗಲೇ ಹೇಳಿ ಇಟ್ಟಿದ್ದ. ಬಡವರ ಮಕ್ಕಳಿಗೆ ಸೀಟು ಕಾದಿರಿಸುವುದರಲ್ಲಿ ಕಾರ್ಖಾನೆಗಳಷ್ಟು ಮುಂದಾಲೋಚನೆ ಯಾವ ಕಾಲೇಜಿಗೂ ಇಲ್ಲ.

ಅದೇ ಹೊತ್ತಿಗೆ ಶಾಲೆಯ ಪಿ.ಟಿ. ಮಾಸ್ತರು ನಿತೇಶ್ ಒಂದು ಫಾರ್ಮು ತಂದರು. ಮಾಸ್ತರು ಬಾರ್ಕೂರಿನ ಗದ್ದೆ ಬಯಲಿನವರು, ಸ್ವತಃ ಈಜು ಬಾರದು, ಅದನ್ನು ಮುಚ್ಚಿಡುವವರೂ ಅಲ್ಲ. ಕುಂದಾಪುರದ 'ಜಲಕ್ರೀಡಾ ಪ್ರೋತ್ಸಾಹ ಸಂಘ' ಎಂಬುದು ಪ್ರತಿ ವರ್ಷ 'ವರ್ಷದ ಕಿರಿಯ ಈಜುಗಾರ್ತಿ' ಪ್ರಶಸ್ತಿ ಕೊಡುತ್ತಿತ್ತು. ಪ್ರಶಸ್ತಿ ಎಂದರೆ ಒಂದು ಶಾಲು, ಒಂದು ತಟ್ಟೆ, ಹಣ್ಣಿನ ಬುಟ್ಟಿ. ಅದಕ್ಕಾಗಿ ಯಾರೂ ಜೀವ ಬಿಡುತ್ತಿರಲಿಲ್ಲ. ಆದರೆ ಪಟ್ಟಿಯ ಮೊದಲ ಇಬ್ಬರಿಗೆ ದೂರದ ಊರಿನ ಕ್ರೀಡಾ ಹಾಸ್ಟೆಲಿನಲ್ಲಿ ಊಟ, ವಸತಿ, ಪಿಯುಸಿ, ಈಜುಕೊಳ, ಎಲ್ಲ ಬಿಟ್ಟಿ. ಪ್ರೇಕ್ಷಾಳಿಗೆ ಮಣೆಯೋ ಕೊಳವೋ ಎಂಬುದು ಆ ಪಟ್ಟಿಯಲ್ಲಿ ಇತ್ತು.

ಸಂಘದವರ ಅಂಕದ ಲೆಕ್ಕ ಕೇಳಿ. ನೂರು ಮೀಟರ್ ಈಜಿದ ಸಮಯಕ್ಕೆ ಅರವತ್ತು ಅಂಕ. ಎಪ್ಪತ್ತು ಸೆಕೆಂಡಿನೊಳಗೆ ಬಂದವರಿಗೆ ಪೂರ್ತಿ, ತೊಂಬತ್ತು ದಾಟಿದವರಿಗೆ ಸೊನ್ನೆ. ವರ್ಷದಲ್ಲಿ ಎಷ್ಟು ಸ್ಪರ್ಧೆಗೆ ಹೋದಿರಿ ಎಂಬುದಕ್ಕೆ ಮೂವತ್ತು. ಗೆದ್ದಿರಾ ಎಂದು ಕೇಳುವುದಿಲ್ಲ, ಹೋದಿರಾ ಎಂದಷ್ಟೇ. ಅಪ್ಪನ ಹತ್ತಿರ ಕಾರಿದ್ದರೆ ಅರ್ಧ ಈಜು ಬಂದ ಹಾಗೆಯೇ. ಉಳಿದ ಹತ್ತು ಅಂಕ ಸಮವಸ್ತ್ರ ಮತ್ತು ಶಿಸ್ತಿಗೆ. ಅಣ್ಣನ ಹಳೇ ಚಡ್ಡಿ, ಮೇಲೊಂದು ಬಣ್ಣ ಹೋದ ಬನಿಯನ್ ಹಾಕಿ ಈಜುವ ಪ್ರೇಕ್ಷಾಳ ಶಿಸ್ತಿಗೆ ಎರಡು ಅಂಕ ಬಿತ್ತು.

ಊರಲ್ಲಿ ಈಜುಕೊಳ ಇಲ್ಲದ ಕಾರಣ ಸಮಯವನ್ನು ಅವರವರ ನೀರಿನಲ್ಲೇ ಅಳೆದು, ತರಬೇತುದಾರರ ಸಹಿ ಹಾಕಿ ಕಳಿಸಬಹುದಿತ್ತು. ಫಾರ್ಮಿನಲ್ಲಿ 'ಈಜುಕೊಳ, ಕೆರೆ, ನದಿ' ಎಂದಿತ್ತು. ಮಾಸ್ತರು ಟೇಪು ಹಿಡಿದು ನೂರು ಮೀಟರಿಗೆ ಎರಡು ಗಳ ನೆಟ್ಟರು, ಸ್ಟಾಪ್‌ವಾಚು ತಂದರು. ಎಂದಿನ ಹಾಗೆ ದೋಣಿ ಇಳಿತಕ್ಕೆ ಎದುರಾಗಿ ಹೊರಟಿತು, ಎಂದಿನ ಹಾಗೆ ಹುಡುಗಿ ಪಕ್ಕದಲ್ಲಿ ಈಜಿದಳು. ಒಂದು ನಿಮಿಷ ಐವತ್ತು ಸೆಕೆಂಡು. ಸುಗುಣಕ್ಕ ಅದನ್ನೇ ಬರೆಸಿ, ಫಾರ್ಮಿನ 'ನದಿ'ಗೆ ಗುರುತು ಹಾಕಿಸಿ, ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರದಲ್ಲಿ ಸಹಿ ಮಾಡಿದಳು.

ಪಟ್ಟಿ ಬಂತು. ಹನ್ನೊಂದು ಹುಡುಗಿಯರಲ್ಲಿ ಪ್ರೇಕ್ಷಾ ಹನ್ನೊಂದನೆಯವಳು. ಮೊದಲನೆಯವಳು ನವ್ಯಶ್ರೀ, ಅರವತ್ತನಾಲ್ಕು ಸೆಕೆಂಡು. ಬ್ರಹ್ಮಾವರದಲ್ಲಿ ಕಬ್ಬಿಣ-ಸಿಮೆಂಟಿನ ಅಂಗಡಿ ಇಟ್ಟ ಭೋಜರಾಜರ ಮಗಳು. ಭೋಜರಾಜರೇ ಅವಳ ತರಬೇತುದಾರರು, ಭೋಜರಾಜರೇ ಸಂಘದ ಕಾರ್ಯದರ್ಶಿ, ಸಮಯದ ಚೀಟಿಗಳನ್ನು ಪರಿಶೀಲಿಸುವವರೂ ಭೋಜರಾಜರೇ. ಒಬ್ಬನೇ ಮನುಷ್ಯ ಇಷ್ಟು ಕೆಲಸ ಮಾಡುವಾಗ ಒಂದೆರಡು ಸೆಕೆಂಡು ಆಚೀಚೆ ಆಗುವುದು ಸಹಜ. ಅವರು ಬಾರ್ಕೂರಿನ ಹೊಳೆಯಲ್ಲಿ ನಡೆಸುವ ಕ್ಲಬ್ಬಿನ ಉಳಿದ ಮಕ್ಕಳೂ ಎಪ್ಪತ್ತರೊಳಗೇ ಇದ್ದರು. ಆ ಪಟ್ಟಿ ನಂಬುವುದಾದರೆ ಒಲಿಂಪಿಕ್ಸಿನವರು ಬಂದು ಬಾರ್ಕೂರಿನಲ್ಲಿ ಟ್ಯೂಷನ್ ತೆಗೆದುಕೊಳ್ಳಬೇಕಿತ್ತು.

ಪಟ್ಟಿ ಓದಿ ಹೇಳಿದ ನಿತೇಶ್ ಮಾಸ್ತರು ತಲೆ ತಗ್ಗಿಸಿ ಕೂತರು. ಸುಗುಣಕ್ಕ, ತನ್ನ ಕಲಿಸುವಿಕೆಯೇ ದಂಡ ಎಂದುಕೊಂಡಳು. ಆಗ ಬಲೆ ಕಟ್ಟುತ್ತಿದ್ದ ದೇವು ಐದು ವರ್ಷದ ಮಾತನ್ನು ಒಟ್ಟಿಗೆ ಆಡಿದ.

"ನೀ ಬರ್ಸಿದ್ದ್ ಎದ್ರ್ ನೀರಿನ್ ಟೈಮ್. ಅವ್ರ್ ಮಕ್ಕಳನ್ ಇಳಿತದಲ್ಲಿ ಬಿಡ್ತ್ರ್. ನಾ ತಂಗಿ ಮನಿಗ್ ಹೋದಾಗ ಬಾರ್ಕೂರ್ ಸೇತ್ವೆ ಅಡಿಯಂಗ್ ಕಂಡಿದೆ."

ಸುಗುಣಕ್ಕನಿಗೆ ಇದು ಮೊದಲು ಅರ್ಥವೇ ಆಗಲಿಲ್ಲ. ನೀರು ಓಡುವ ಕಡೆಗೇ ಹೋಗುವುದನ್ನೂ ಈಜು ಎಂದು ಕರೆಯುತ್ತಾರೆ ಎಂಬುದು ಅವಳಿಗೆ ಆ ದಿನವೇ ಗೊತ್ತಾದದ್ದು.

"ನೀರಿನೊಟ್ಟಿಗ್ ಹೋಪುಕೆ ಈಜು ಎಂತಕ್ ಮಾಷ್ಟ್ರೆ? ತೆಂಗಿನ್ ಗೆರಟಿಯೂ ಹೋತ್ತ್" ಎಂದಳು.

ಸಂಘಕ್ಕೆ ಅರ್ಜಿ ಬರೆಯಲು ನನ್ನ ಹತ್ತಿರ ಬಂದರು. ಧರಣಿಗೆ, ಘೇರಾವಿಗೆ ಮನವಿ ಬರೆದು ರೂಢಿಯಾದ ಕೈ ನನ್ನದು. 'ಉಗ್ರವಾಗಿ ಖಂಡಿಸುತ್ತೇವೆ' ಎಂದು ಎರಡು ಸಲ, 'ಶೋಷಿತ' ಎಂದು ಮೂರು ಸಲ ಬರೆದೆ. ಓದಿಸಿ ಕೇಳಿದ ಸುಗುಣಕ್ಕ ಎಲ್ಲವನ್ನೂ ಹೊಡೆದು ಹಾಕಿಸಿದಳು. ಒಂದೇ ಸಾಲು ಉಳಿಯಿತು: ಹನ್ನೊಂದು ಮಕ್ಕಳನ್ನೂ ಒಂದೇ ಹೊತ್ತಿಗೆ, ಒಂದೇ ನೀರಿನಲ್ಲಿ ಈಜಿಸಿ ನೋಡಿ.

ಸಂಘದ ಅಧ್ಯಕ್ಷರು ಚಂದಯ್ಯನವರು, ಬ್ಯಾಂಕಿನಿಂದ ನಿವೃತ್ತರಾದವರು, ಯಾರನ್ನೂ ನೋಯಿಸದೆ ಯಾವ ಕೆಲಸವನ್ನೂ ಮಾಡದೆ ಎಂಟು ವರ್ಷ ಆ ಕುರ್ಚಿಯಲ್ಲಿ ಇದ್ದವರು. ಫಾರ್ಮಿನಲ್ಲಿ ಇಳಿತ-ಭರತಕ್ಕೆ ಕಾಲಮ್ಮೇ ಇಲ್ಲವಲ್ಲ ಎಂದು ಅವರು ಬೇಸರಪಟ್ಟರು. ಭೋಜರಾಜರು ಮಾತ್ರ, ನೀರಿನ ದಿಕ್ಕಿನಿಂದ ಏನೂ ವ್ಯತ್ಯಾಸವಿಲ್ಲ ಎಂದು ಸಭೆಯಲ್ಲಿ ವಾದಿಸಿ, ಆಮೇಲೆ ದೊಡ್ಡ ಮನಸ್ಸು ಮಾಡಿದರು. ಆಗಲಿ, ತಲ್ಲೂರಿನ ಹೊಳೆಯಲ್ಲೇ ಆಗಲಿ, ಕಡವಿನಿಂದ ಕೆಳಕ್ಕೆ ನೂರು ಮೀಟರ್, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದರು. ಭೋಜರಾಜರು ಪಂಚಾಂಗ ನೋಡದೆ ತಲೆಕೂದಲೂ ಕತ್ತರಿಸುವವರಲ್ಲ. ಆ ತಿಥಿಗೆ ಹತ್ತು ಗಂಟೆಗೆ ಇಳಿತ ಎಂದು ಲೆಕ್ಕ ಹಾಕಿಯೇ ಬಾಯಿ ತೆರೆದಿದ್ದರು. ನೀರಿನ ಜೊತೆ ಬಿಟ್ಟರೆ ಎಲ್ಲರೂ ಎಪ್ಪತ್ತರೊಳಗೆ ಬಂದು ಎಲ್ಲರಿಗೂ ಅರವತ್ತು. ಆಮೇಲೆ ಕಾರು ಮತ್ತು ಚಡ್ಡಿಯ ಅಂಕವೇ ಸ್ಥಾನ ಹೇಳುತ್ತದೆ, ಪ್ರೇಕ್ಷಾ ಮತ್ತೆ ಹನ್ನೊಂದನೆಯವಳು. ಅದು ನಿತೇಶ್ ಮಾಸ್ತರಿಗೂ ತಿಳಿಯಿತು. ಆದರೆ ಸುಗುಣಕ್ಕ ತಕರಾರಿಲ್ಲದೆ ಒಪ್ಪಿ ಬಂದಳು.

ದಾರಿಯಲ್ಲಿ ಮಾಸ್ತರು ಅವಳ ಮೇಲೆ ರೇಗಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಉದ್ಘಾಟ್ನೆಗೆ ಯಾರೋ ದೊಡ್ ಜನ ಬತ್ರಂಬ್ರಲ್ದಾ? ಅವ್ರ್ ಯಾವತ್ತಾರೂ ಹೇಳದ್ ಹೊತ್ತಿಗ್ ಬಂದದ್ ಇತ್ತಾ ಮಾಷ್ಟ್ರೆ?"

ಭಾನುವಾರ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಕುರ್ಚಿ, ಎಲ್ಲ ಹತ್ತಕ್ಕೆ ಸರಿಯಾಗಿ ತಯಾರು. ನೀರೂ ಹತ್ತಕ್ಕೆ ಸರಿಯಾಗಿ ಸಮುದ್ರದ ಕಡೆ ಓಡುತ್ತಿತ್ತು. ಮುಖ್ಯ ಅತಿಥಿಗಳು ಮಾತ್ರ ಬೈಂದೂರಿನಲ್ಲಿ ಇನ್ನೊಂದು ಉದ್ಘಾಟನೆಯಲ್ಲಿದ್ದರು. ಹನ್ನೊಂದಾಯಿತು. ಮೊದಲು ಬಿಟ್ಟುಬಿಡೋಣ ಎಂದ ಭೋಜರಾಜರಿಗೆ ಚಂದಯ್ಯನವರು ಒಪ್ಪಲಿಲ್ಲ, ಅತಿಥಿಗಳು ನೋಯುತ್ತಾರೆ. ಹನ್ನೊಂದೂವರೆಗೆ ನೀರು ನಿಂತಿತು. ಹನ್ನೆರಡೂವರೆಗೆ ಅತಿಥಿಗಳ ಕಾರು ಬಂದಾಗ ಭರತ ಬಿರುಸಾಗಿ ಏರುತ್ತಿತ್ತು. ಭೋಜರಾಜರ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಈಗ ದಿಕ್ಕು ಬದಲಿಸಿ ಎನ್ನಲು ಬಾಯಿಲ್ಲ, ದಿಕ್ಕಿನಿಂದ ಏನೂ ವ್ಯತ್ಯಾಸವಿಲ್ಲವೆಂದು ಸಭೆಯಲ್ಲಿ ವಾದಿಸಿದವರು ಅವರೇ.

ಅತಿಥಿಗಳು ನೀರು ಮತ್ತು ಜೀವನದ ಕುರಿತು ಇಪ್ಪತ್ತು ನಿಮಿಷ ಮಾತನಾಡಿ ಸೀಟಿ ಊದಿದರು. ಹನ್ನೊಂದು ಹುಡುಗಿಯರು ಭರತದ ಮುಖಕ್ಕೆ ಹಾರಿದರು. ಪ್ರೇಕ್ಷಾಳಿಗೆ ಇದು ಚಿಪ್ಪು ಹೆಕ್ಕಿ ಮನೆಗೆ ಬರುವ ದಾರಿ. ಗಳಕ್ಕೆ ಗಳ, ಒಂದು ನಿಮಿಷ ಐವತ್ತೈದು ಸೆಕೆಂಡು. ಉಳಿದವರು ಚಂದದ ಕನ್ನಡಕ, ಚಂದದ ಟೊಪ್ಪಿ ಹಾಕಿಕೊಂಡು ಕೈ ಬಡಿದರು, ಬಡಿದ ಕಡೆಯೇ ಇದ್ದರು. ಇಬ್ಬರು ಹೊರಟಲ್ಲಿಗಿಂತ ಹಿಂದಕ್ಕೆ ಹೋದರು. ಅರ್ಧ ದಾರಿಗೆ ಬಂದ ನವ್ಯಶ್ರೀ ಒಬ್ಬಳೇ, ಅವಳಿಗೂ ಅಲ್ಲಿ ಉಸಿರು ಮುಗಿಯಿತು. ಸುಗುಣಕ್ಕ ದೇವುವಿನ ದೋಣಿಯಲ್ಲಿ ಒಬ್ಬೊಬ್ಬರನ್ನೇ ಎತ್ತಿ ಹಾಕಿಕೊಂಡಳು. ಯಾರಿಗೂ ಬುಟ್ಟಿ ಹೊರಿಸಲಿಲ್ಲ, ನೆಂಟರ ಮಕ್ಕಳಲ್ಲವೇ.

ದಡದಲ್ಲಿ ಸಮಿತಿ ಕೂತಿತು. ಭೋಜರಾಜರು ನಿಯಮದ ಹಾಳೆ ತೆಗೆದರು. ತೊಂಬತ್ತು ಸೆಕೆಂಡು ದಾಟಿದವರಿಗೆ ಸೊನ್ನೆ. ಗಳ ಮುಟ್ಟದವರಿಗೂ ಸೊನ್ನೆ. ಅಂದರೆ ಹನ್ನೊಂದು ಮಕ್ಕಳೂ ಸಮಾನರು, ಸ್ಪರ್ಧೆ ಮತ್ತು ಶಿಸ್ತಿನ ಅಂಕದಲ್ಲಿ ಹಳೇ ಪಟ್ಟಿಯೇ ಸರಿ. ಸಮಾನತೆಯ ಬಗ್ಗೆ ನಾನು ಬಹಳ ಭಾಷಣ ಕೇಳಿದ್ದೇನೆ, ಇಷ್ಟು ಸಲೀಸಾಗಿ ಅದನ್ನು ತಂದವರನ್ನು ಕಂಡದ್ದು ಅಂದೇ.

ಸುಗುಣಕ್ಕ ದೋಣಿಯಿಂದ ಇಳಿದು, ಸೀರೆಯ ನೀರು ಹಿಂಡಿಕೊಳ್ಳುತ್ತಲೇ ಮೇಜಿನ ಹತ್ತಿರ ಬಂದಳು.

"ಅಡ್ಡಿಲ್ಲ. ಸೊನ್ನೆ ಕೊಡಿ. ಆರೆ ಎಲ್ಲರ್ ಚೀಟಿಯಂಗೂ ನೀರ್ ಯಾವ್ ಬದಿಗ್ ಓಡ್ತಿತ್ತ್ ಅಂದ್ ಬರೀರಿ. ಇವತ್ತಿನದ್ದಕ್ಕೂ ಬರೀರಿ, ಬಾರ್ಕೂರಂಗ್ ಈಜದ್ದಕ್ಕೂ ಬರೀರಿ. ಹಾಸ್ಟೆಲಿನರ್ ಓದಿ ತಿಳ್ಕಂತ್ರ್."

ಭೋಜರಾಜರು ಹಾಗೆ ಬರೆಯುವ ಪದ್ಧತಿ ಇಲ್ಲ ಎಂದರು.

"ಪದ್ಧತಿ ಇಲ್ದಿರೆ ನಾನೇ ಹೋಯಿ ಬಾಯಲ್ಲಿ ಹೇಳ್ತೆ" ಎಂದಳು.

ಚಂದಯ್ಯನವರು ಬೆವರಿದರು. ಎಂಟು ವರ್ಷದ ಎಂಟು ಪಟ್ಟಿಗಳು ಅವರ ಸಹಿಯಲ್ಲೇ ಹಾಸ್ಟೆಲಿಗೆ ಹೋಗಿದ್ದವು, ಅವುಗಳಲ್ಲಿ ಯಾವ ಯಾವ ಹೊಳೆ ಯಾವ ಯಾವ ಕಡೆ ಓಡಿತ್ತೋ ದೇವರೇ ಬಲ್ಲ. ಒದ್ದೆ ಟವೆಲು ಸುತ್ತಿಕೊಂಡು ಕೂತಿದ್ದ ನವ್ಯಶ್ರೀ ಅಪ್ಪನ ಕಡೆ ನೋಡದೆ, ಸುಗುಣಕ್ಕ ಬರದಿದ್ದರೆ ನಾನು ಮುಳುಗುತ್ತಿದ್ದೆ ಎಂದು ಎಲ್ಲರಿಗೂ ಕೇಳುವ ಹಾಗೆ ತಾಯಿಗೆ ಹೇಳಿದಳು. ಅತಿಥಿಗಳಿಗೆ ಹಸಿವಾಗಿತ್ತು. ಮುಟ್ಟಿದ ಹುಡುಗಿಗೆ ಏನಾದರೂ ಕೊಟ್ಟು ಮುಗಿಸಿ ಎಂದರು.

ಸಂಘಗಳಲ್ಲಿ ಅಂಕದಿಂದ ಸ್ಥಾನ ಬರುವುದಿಲ್ಲ, ಸ್ಥಾನ ನಿಶ್ಚಯವಾದ ಮೇಲೆ ಅಂಕ ಬರುತ್ತದೆ. ಮೊದಲ ಸ್ಥಾನ ಕಾರ್ಯದರ್ಶಿಗಳ ಮಗಳಿಗೆ ಇರಲಿ, ಎರಡನೆಯದು ಪ್ರೇಕ್ಷಾಳಿಗೆ ಹೋಗಲಿ ಎಂದಾಯಿತು. ಆ ಮೇಲೆ 'ಪ್ರತಿಕೂಲ ಜಲ ವಿಶೇಷ ಅಂಕ' ಎಂಬ ಹೊಸ ಕಾಲಮ್ಮು ಹುಟ್ಟಿತು. ಅದರಲ್ಲಿ ಅವಳಿಗೆ ಸಿಕ್ಕಿದ್ದು ಎಪ್ಪತ್ತೇಳೂವರೆ. ಆ ಅರ್ಧ ಏತಕ್ಕೆಂದರೆ, ಮೂರನೆಯವಳಿಗಿಂತ ಮೇಲೆ ಬರಲು ಅಷ್ಟೇ ಸಾಕಿತ್ತು. ಮೂರನೆಯ ಸ್ಥಾನಕ್ಕೆ ಇಳಿದ ಬೈಂದೂರಿನ ಹುಡುಗಿಯ ಮನೆಯವರಿಗೆ ಬೇಸರವಾಗದಿರಲೆಂದು ಅವಳಿಗೆ ಮೊದಲನೆಯವಳ ತಟ್ಟೆಗಿಂತ ದೊಡ್ಡ ತಟ್ಟೆ ಕೊಟ್ಟರು.

ಹಾಸ್ಟೆಲಿಗೆ ಹೋದ ಪಟ್ಟಿಯಲ್ಲಿ ಪ್ರೇಕ್ಷಾಳ ತರಬೇತುದಾರರ ಹೆಸರಿನ ಜಾಗದಲ್ಲಿ 'ಇಲ್ಲ' ಎಂದಿತ್ತು. ಸುಗುಣಕ್ಕನ ಬಳಿ ಸರ್ಟಿಫಿಕೇಟು ಇರಲಿಲ್ಲವಷ್ಟೆ. ಮಾಸ್ತರು ಇದಕ್ಕೂ ಅರ್ಜಿ ಹಾಕೋಣವೆಂದು ಕುದಿದರು. ಅವಳು, ಸೀಟು ಸಿಕ್ಕಿತಲ್ಲ, ತನ್ನ ಹೆಸರು ಕಟ್ಟಿಕೊಂಡು ಹಾಸ್ಟೆಲಿನವರಿಗೆ ಆಗಬೇಕಾದ್ದೇನು ಎಂದು ಕೇಳಿ ಬುಟ್ಟಿ ಎತ್ತಿಕೊಂಡಳು. ಪ್ರಶಸ್ತಿ ಕೊಡುವ ದಿನವೂ ಹೋಗಲಿಲ್ಲ. ಸಮಾರಂಭ ಇಟ್ಟದ್ದು ನೀರು ಪೂರಾ ಇಳಿಯುವ ಹೊತ್ತಿಗೆ.

ಜೂನಿನಲ್ಲಿ ವನಜ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದಳು. ಕಾರ್ಖಾನೆಯ ಮಣೆಯ ಮೇಲೆ ಬೇರೆ ಯಾರದೋ ಮಗಳು ಕೂತಳು, ಮಣೆಗಳು ಖಾಲಿ ಉಳಿಯುವುದಿಲ್ಲ. ಎರಡು ವಾರದ ಮೇಲೆ ಅಲ್ಲಿನ ಕೋಚು ನಿತೇಶ್ ಮಾಸ್ತರಿಗೆ ಫೋನು ಮಾಡಿದರು. ಹುಡುಗಿಗೆ ಗೋಡೆ ಮುಟ್ಟಿ ತಿರುಗಲು ಬರುವುದಿಲ್ಲ, ಎರಡು ಸಲ ತಲೆ ಬಡಿದುಕೊಂಡಿದ್ದಾಳೆ, ಆದರೂ ನೂರು ಮೀಟರಿಗೆ ಎಪ್ಪತ್ತೆರಡು ಸೆಕೆಂಡು, ಅವಳಿಗೆ ಕಲಿಸಿದವರು ಯಾರು ಎಂದು ಕೇಳಿದರು. ಮಾಸ್ತರು ಸಂತೋಷ ತಡೆಯಲಾರದೆ ಬೈಕು ಹತ್ತಿ ಹೊಳೆಯ ದಡಕ್ಕೆ ಬಂದು, ದೋಣಿ ತಳ್ಳುತ್ತಿದ್ದ ಸುಗುಣಕ್ಕನಿಗೆ ಕೂಗಿ ಹೇಳಿದರು.

"ಎಪ್ಪತ್ತೆರ್ಡಾ?" ಎಂದಳು ಅವಳು. "ನಿಂತ್ ನೀರಲ್ದಾ ಅದ್? ಅಷ್ಟ್ ಹೊತ್ತ್ ಹೆಣ್ಣ್ ಎಂತ ಮಾಡ್ತಿತ್ತಂಬ್ರ್?"